ಮುಂತಲೆಯ ಮೆಟ್ಟಿಲು

ನಾನು ಒಂದು ದೋಣಿ. ಇಪ್ಪತ್ತೊಂದು ಅಡಿ ಉದ್ದ, ಏಳೂವರೆ ಅಡಿ ಅಗಲ. ಮರದ ದೋಣಿಗಳಿಗೆ ತಾವು ಬೆಳೆದ ಕಾಡಿನ ನೆನಪಿರುತ್ತದಂತೆ. ನನಗೆ ಅಂಥ ಹಿರಿಮೆ ಇಲ್ಲ. ನಾನು ಹುಟ್ಟಿದ್ದು ಗಂಗೊಳ್ಳಿಯ ಕಡೆಯ ಹೊಳೆದಂಡೆಯಲ್ಲಿ, ಒಂದು ತಗಡಿನ ಶೆಡ್ಡಿನೊಳಗೆ, ಬೇರೆ ಊರಿನಿಂದ ತಂದ ಹಳೆಯ ಅಚ್ಚಿನಲ್ಲಿ. ಗಾಜಿನ ನಾರಿನ ಚಾಪೆ ಹಾಸಿದರು, ಅದರ ಮೇಲೆ ಮೂಗು ಉರಿಯುವ ಅಂಟು ಬಳಿದರು, ಮತ್ತೆ ಚಾಪೆ, ಮತ್ತೆ ಅಂಟು. ಇಬ್ಬರು ಹೆಂಗಸರು ಮೂಗಿಗೆ ಬಟ್ಟೆ ಕಟ್ಟಿಕೊಂಡು ರೋಲರ್ ಉರುಳಿಸಿ ನನ್ನೊಳಗಿನ ಗಾಳಿಗುಳ್ಳೆಗಳನ್ನು ಹೊರಗೆ ಹಾಕಿದರು. "ಒಂದು ಗುಳ್ಳೆ ಉಳಿದ್ರೂ ಅದೇ ನಾಳೆ ಬಿರುಕು" ಎಂದು ಒಬ್ಬಳು ಹೇಳಿದ್ದು ನಾನು ಕೇಳಿದ ಮೊದಲ ಮಾತು. ಗುಳ್ಳೆ ಉಳಿಯಲಿಲ್ಲ. ನನ್ನ ಬಿರುಕು ಬೇರೆ ಕಡೆಯಿಂದ ಬಂತು.

ಆ ಅಚ್ಚಿನವರು ನನ್ನ ಮುಂತಲೆಯನ್ನು ಅಗಲವಾಗಿ, ತಗ್ಗಾಗಿ ಮಾಡಿದ್ದರು. ಅಲ್ಲೊಂದು ಪುಟ್ಟ ಮೆಟ್ಟಿಲೂ ಇತ್ತು. ಆ ಊರಿನಲ್ಲಿ ದೋಣಿಯ ಮೂತಿಯನ್ನು ದಡಕ್ಕೆ ತಾಗಿಸಿ, ಜನ ಮುಂದಿನಿಂದಲೇ ಹತ್ತಿ ಇಳಿಯುತ್ತಾರಂತೆ. ನಮ್ಮ ಕಡೆ ಹಾಗಲ್ಲ. ನಮ್ಮ ಹೊಳೆಯಲ್ಲಿ ದೋಣಿಯ ಮುಂತಲೆ ಎಂದರೆ ದೇವಿ, ನಮ್ಮ ಅಮ್ಮ, ಕೂರುವ ಜಾಗ. ಅಲ್ಲಿ ಕುಂಕುಮ ಇಡುತ್ತಾರೆ, ಅಬ್ಬಲಿಗೆ ಹೂ ಕಟ್ಟುತ್ತಾರೆ. ಅಲ್ಲಿ ಕಾಲಿಡುವುದಿರಲಿ, ದಾಟುವುದೂ ಇಲ್ಲ. ದೋಣಿ ದಡಕ್ಕೆ ಬೆನ್ನು ಕೊಟ್ಟು, ಹೊಳೆಗೆ ಮುಖ ಮಾಡಿ ನಿಲ್ಲಬೇಕು. ಜನ ನೀರಿಗಿಳಿದು ಹಿಂದಿನಿಂದ ಹತ್ತಬೇಕು. ಹುಟ್ಟು ಹಾಕುವ ಕಾಲದಿಂದ ಬಂದ ಕಟ್ಟಳೆ. ಹುಟ್ಟು ಹಾಕುವ ಕಾಲದಲ್ಲಿ ದೋಣಿಯ ಹಿಂದೆ ನೀರಲ್ಲದೆ ಬೇರೇನೂ ಇರುತ್ತಿರಲಿಲ್ಲ.

ನನ್ನನ್ನು ಕೊಂಡವನು ಹೆರಿಯಣ್ಣ ಮೊಗವೀರ. ಹೆಸರು ಹೆರಿಯಣ್ಣ, ಅಂದರೆ ಹಿರಿಯಣ್ಣ, ಮನೆಯಲ್ಲಿ ಅವನೇ ಕಿರಿಯ. ಅವನಿಗೆ ಒಬ್ಬಳೇ ಅಕ್ಕ, ಜಲಜಕ್ಕ. ಹೊಳೆಯ ನಡುವಿನ ನಡುಗಡ್ಡೆಗೆ ನಮ್ಮಲ್ಲಿ ಕುದ್ರು ಎನ್ನುತ್ತಾರೆ. ಮೂವತ್ತು ಮನೆಗಳ ಕೊಕ್ಕರೆ ಕುದ್ರುವಿನಲ್ಲಿ ಅಕ್ಕ ತಮ್ಮ ಅಕ್ಕಪಕ್ಕದ ಮನೆಗಳಲ್ಲಿದ್ದರು. ಗಂಡ ತೀರಿದ ಮೇಲೆ ಜಲಜಕ್ಕ ಬಲೆ ಹೆಣೆದು, ಭಜನಾ ಮಂದಿರದಲ್ಲಿ ಪದ ಹೇಳಿ ದಿನ ಕಳೆದವಳು. ಓದು ಬಾರದು. ಕೇಳಿ ಕೇಳಿ ಕಲಿತದ್ದು, ಮರೆತಲ್ಲಿ ತಾನೇ ಕಟ್ಟಿ ಸೇರಿಸಿದ್ದು. ನಾನು ಬರುವ ಎರಡು ವರ್ಷ ಮೊದಲು ಸಕ್ಕರೆ ಕಾಯಿಲೆ ಅವಳ ಮೂತ್ರಪಿಂಡ ತಿಂದಿತ್ತು. ವಾರಕ್ಕೆ ಎರಡು ದಿನ ಕುಂದಾಪುರಕ್ಕೆ ಹೋಗಿ ಡಯಾಲಿಸಿಸ್ ಮಾಡಿಸಬೇಕು. ಬೆಳಿಗ್ಗೆ ಏಳಕ್ಕೆ ಅವಳ ಸರದಿ. ತಪ್ಪಿದರೆ ಆ ದಿನ ಮತ್ತೆ ಮಂಚ ಸಿಗದು, ಮರುದಿನ ಕಾಲು ಬಾತು, ಉಸಿರು ಮೇಲಕ್ಕೇ ನಿಲ್ಲುತ್ತಿತ್ತು.

ಆಸ್ಪತ್ರೆಯ ಗಡಿಯಾರ ದಿನವೂ ಅದೇ ಏಳು ತೋರಿಸುತ್ತದೆ. ಹೊಳೆಯ ಗಡಿಯಾರ ಹಾಗಲ್ಲ. ಭರತ, ಇಳಿತ ಎರಡೂ ದಿನಕ್ಕೆ ಮುಕ್ಕಾಲು ಗಂಟೆಯಷ್ಟು ಜಾರುತ್ತವೆ. ಇಳಿತ ಬೆಳಿಗ್ಗೆ ಬಿದ್ದ ದಿನ ಕುದ್ರುವಿಗೂ ಊರಿಗೂ ನಡುವೆ ಮರಳಿನ ದಿಣ್ಣೆ ಬೆನ್ನೆತ್ತುತ್ತದೆ. ಸಣ್ಣ ದೋಣಿಯಲ್ಲಿ ಇಳಿತದ ಸೆಳೆತಕ್ಕೆ ಎದುರಾಗಿ ಗಳ ಊರಿ ಅದನ್ನು ದಾಟುವಷ್ಟರಲ್ಲಿ ಏಳು ಹೋಗಿ ಎಂಟಾಗುತ್ತಿತ್ತು. ಹಾಗೆ ಒಂದೇ ತಿಂಗಳಲ್ಲಿ ಮೂರು ಸಲ ಸರದಿ ತಪ್ಪಿದ ಮೇಲೆ ಹೆರಿಯಣ್ಣ ನನ್ನನ್ನು ಕೊಂಡದ್ದು.

ಕೊಂಡಾಗ ನಾನು ಬರೀ ಚಿಪ್ಪು. ಮೀನುಗಾರಿಕೆ ಬೋಟಿನಲ್ಲಿ ಹದಿನೆಂಟು ವರ್ಷ ಇಂಜಿನ್ ನೋಡಿಕೊಂಡಿದ್ದ ಹೆರಿಯಣ್ಣನಿಗೆ ಡೀಸೆಲ್ ಬಿಟ್ಟು ಬೇರೆಯದರ ಮೇಲೆ ನಂಬಿಕೆ ಇಲ್ಲ. ಹಳೆಯದೊಂದು ಸಣ್ಣ ಡೀಸೆಲ್ ಇಂಜಿನ್ ಸಿಕ್ಕಿತ್ತು. ಅದನ್ನು ಕೂರಿಸಲು ಮೆಕ್ಯಾನಿಕ್ ಲಾರೆನ್ಸ್ ಕ್ರಾಸ್ತಾ ಬಂದರು. ಇಲ್ಲಿ ಕೊಂಕಣಿ ಕ್ರಿಸ್ತುವರನ್ನು ಗೌರವದಿಂದ ಕರೆಯುವ ಹಾಗೆ, ಹೊಳೆಕರೆಯ ಎಲ್ಲರಿಗೂ ಅವರು ಪೊರ್ಬು. ಮಾತು ಕಡಿಮೆ, ಬೆರಳಿನಲ್ಲಿ ಗ್ರೀಸು ಜಾಸ್ತಿ.

"ಇಂಜಿನ್ ಒಂದೇ ಹೆರಿಯಣ್ಣ, ಅದರ ಶಕ್ತಿ ನೀರಿಗೆ ಇಳಿಯುವ ದಾರಿ ಎರಡು ಉಂಟು" ಎಂದು ಪೊರ್ಬು ನನ್ನ ನೆರಳಿನಲ್ಲಿ ಕುಕ್ಕರುಗಾಲಲ್ಲಿ ಕೂತು ಮರಳ ಮೇಲೆ ಗೆರೆ ಎಳೆದರು. "ಇದು ಸ್ಟರ್ನ್‌ಡ್ರೈವ್. ಇಂಜಿನ್ ಹಿಂದೆ. ಹಿಂಗೋಡೆಗೆ ತೂತು ಹೊಡೆದು ಅದರ ಕಾಲು ಹೊರಗೆ ಬಿಡುದು. ನೀರು ತಳ್ಳುವ ಫ್ಯಾನು ಆ ಕಾಲಿನ ತುದಿಗೆ. ನೀರು ಕಡಿಮೆ ಆದ್ರೆ ಕೊಕ್ಕರೆ ಕಾಲು ಎತ್ತಿದ ಹಾಗೆ ಎತ್ತಬಹುದು. ಮಳೆಗಾಲಕ್ಕೆ ಟ್ರೈಲರ್ ಮೇಲೆ ಎಳೀಲಿಕ್ಕೂ ಸುಲಭ."

"ಇನ್ನೊಂದು?"

"ವಿ-ಡ್ರೈವ್. ಇಂಜಿನ್ ಹಿಂದೆಯೇ, ಮುಖ ಮಾತ್ರ ಮುಂದಕ್ಕೆ. ಶಕ್ತಿ ಮುಂದೆ ಹೋಗಿ, ಗೇರ್ ಬಾಕ್ಸಿನಲ್ಲಿ ತಿರುಗಿ, ಹೊಟ್ಟೆಯಡಿಯಿಂದ ವಾಪಸು ಬರ್ತದೆ. ಫ್ಯಾನು ಹೊಟ್ಟೆ ಕೆಳಗೆ ಅಡಗಿ ಕೂತಿರ್ತದೆ. ಹಿಂದೆ ಜನ ನಿಂತ್ರೂ ಅಷ್ಟು ಭಯ ಇಲ್ಲ. ಆದ್ರೆ ಅದನ್ನು ಎತ್ಲಿಕ್ಕೆ ಆಗುದಿಲ್ಲ. ತೊಡೆಮಟ್ಟ ನೀರು ಬೇಕೇ ಬೇಕು. ಟ್ರೈಲರೂ ಎತ್ತರದ್ದು ಬೇಕು, ನೀರಿಗೆ ಆಳ ಇಳಿಸ್ಬೇಕು."

ಹೆರಿಯಣ್ಣ ಆ ಎರಡು ಗೆರೆಗಳನ್ನು ತುಂಬಾ ಹೊತ್ತು ನೋಡಿದ. ಮರುದಿನ ಇಳಿತಕ್ಕೆ ಸರಿಯಾಗಿ ಗಳ ಹಿಡಿದು ದಿಣ್ಣೆಗೆ ನಡೆದ. ಈ ತುದಿಯಿಂದ ಆ ತುದಿಗೆ ನಲವತ್ತು ಕಡೆ ಗಳ ಊರಿ ಅಳೆದ. ಎಲ್ಲಿಯೂ ಮೊಣಕಾಲಿನ ಮೇಲೆ ನಾಲ್ಕು ಬೆರಳಿಗಿಂತ ನೀರು ಏರಲಿಲ್ಲ.

"ಪೊರ್ಬುಗಳೇ, ಎರಡನೇದು ಆತಿಲ್ಲೆ. ದಿಣ್ಣೆ ದಾಟ್ದೇ ಇದ್ರೆ ದೋಣಿ ಎಂತಕ್ಕೆ? ಕಾಲು ಎತ್ತುದೇ ಹಾಕಿ."

ಪೊರ್ಬು ಒಪ್ಪಿದರು. ಆದರೆ ಸ್ಪಾನರ್ ಕೈಗೆತ್ತಿಕೊಳ್ಳಲಿಲ್ಲ. "ಹಾಕ್ತೇನೆ. ಆದ್ರೆ ಜಲಜಕ್ಕನನ್ನು ಮುಂದಿನಿಂದ ಹತ್ತಿಸು. ಮೆಟ್ಟಿಲೇ ಇದೆಯಲ್ಲ."

ಹೆರಿಯಣ್ಣನ ಮುಖ ಸಣ್ಣದಾಯಿತು. ಆ ಮೆಟ್ಟಿಲಿನ ಮೇಲೆ ಅವನು ಅದಾಗಲೇ ಕುಂಕುಮ ಇಟ್ಟು, ಹೂ ಸುತ್ತಿದ್ದ. "ಮುಂತಲೆ ತುಳ್ಸುದಾ? ನೀವ್ ಹೇಳ್ಬಹುದು ಪೊರ್ಬುಗಳೇ. ಅಕ್ಕನ ಕೈಯಂಗೆ ಹೇಳಿ ಕಾಂಬ."

"ನಮ್ಮ ಇಗರ್ಜಿಯಲ್ಲೂ ಅಲ್ತಾರಿನ ಪೀಠಕ್ಕೆ ಕಾಲು ಇಡುದಿಲ್ಲ, ಗೊತ್ತುಂಟು ನನಗೆ" ಎಂದರು ಪೊರ್ಬು. "ಹಾಗಾದ್ರೆ ಒಂದು ಮಾತು. ಹತ್ತುವಾಗ ಇಳಿಯುವಾಗ ಇಂಜಿನ್ ಬಂದ್ ಮಾಡು. ನ್ಯೂಟ್ರಲ್ ನಂಬಬೇಡ. ನ್ಯೂಟ್ರಲ್ ಅಂದ್ರೆ ನಿದ್ದೆ, ಸಾವಲ್ಲ."

ನನ್ನ ಹಿಂಗೋಡೆಯಲ್ಲಿ ತೂತು ಬಿತ್ತು. ನೋವಾಯಿತೆಂದು ಹೇಳಲಾರೆ. ಆದರೆ ಮೈಯಲ್ಲಿ ಒಂದು ಬಾಗಿಲು ತೆರೆದಂತಾಯಿತು, ಅದರಿಂದ ಏನು ಬರುತ್ತದೋ ಎಂಬ ದಿಗಿಲು ಅಂದಿನಿಂದ ಉಳಿಯಿತು.

ಮೊದಲ ಮಂಗಳವಾರ ಚೆನ್ನಾಗಿತ್ತು. ಹೆರಿಯಣ್ಣ ನನ್ನ ಬೆನ್ನನ್ನು ದಡಕ್ಕೆ ಕೊಟ್ಟು ಇಂಜಿನ್ ನಿಲ್ಲಿಸಿದ. ಜಲಜಕ್ಕ ಸೀರೆ ಎತ್ತಿ ಕಟ್ಟಿ, ಮೊಣಕಾಲು ನೀರಿನಲ್ಲಿ ಬಂದು, ನನ್ನ ಹಿಂದಿನ ಹಲಗೆ ಹಿಡಿದಳು. ಹತ್ತುವ ಮೊದಲು ದೂರದಿಂದಲೇ ಮುಂತಲೆಗೆ ಕೈ ಮುಗಿದಳು. ದಿಣ್ಣೆ ಬಂದಾಗ ಹೆರಿಯಣ್ಣ ಇಂಜಿನಿನ ಕಾಲನ್ನು ಅರ್ಧ ಎತ್ತಿದ. ಮರಳು ನನ್ನ ಹೊಟ್ಟೆಯನ್ನು ಸವರಿಯೂ ಸವರದ ಹಾಗೆ ಕೆಳಗೆ ಜಾರಿತು. ಅಕ್ಕ ಸಣ್ಣ ದನಿಯಲ್ಲಿ ಒಂದು ಪದ ಹೇಳಿದಳು:

ಹೊಳೆಯ ಮೇಲಿನ ದಾರಿ ನಿನ್ನೆಯದು ಇಂದಿಲ್ಲ,
ಏರಿ ಬಂದವರ ತಪ್ಪ ಎಣಿಸದಿರು ತಾಯಿ.

ಏಳಕ್ಕೆ ಇನ್ನೂ ಅರ್ಧ ಗಂಟೆ ಇರುವಾಗ ನಾವು ಊರ ದಡ ಸೇರಿದ್ದೆವು. ಹೆರಿಯಣ್ಣ ಅಂದು ನನ್ನ ಮೈ ತೊಳೆಯುತ್ತ, ಯಾರೂ ಇಲ್ಲವೆಂದುಕೊಂಡು, ಅದೇ ಪದವನ್ನು ಅಪಸ್ವರದಲ್ಲಿ ಹೇಳಿದ. ಕುದ್ರುವಿನವರು ನನಗೆ ಅಕ್ಕನ ದೋಣಿ ಎಂದು ಹೆಸರಿಟ್ಟರು. ಒಂದು ಮಳೆಗಾಲ ಟ್ರೈಲರಿನ ಮೇಲೆ ಕೂತು ಕಳೆದೆ. ಮಳೆಗಾಲದಲ್ಲಿ ಹೊಳೆ ತುಂಬಿ ದಿಣ್ಣೆ ಮುಳುಗುತ್ತದೆ, ಆಗ ಅಕ್ಕನನ್ನು ಕುದ್ರುವಿನ ದೊಡ್ಡ ದೋಣಿ ದಾಟಿಸುತ್ತಿತ್ತು. ಮಳೆ ಹೋದ ಮೇಲೆ ಮತ್ತೆ ನೀರಿಗಿಳಿದೆ.

ತೊಂದರೆ ಬಂದದ್ದು ಇಂಜಿನಿನ ಹಟದಿಂದ. ಬಿಸಿಯಾದ ಮೇಲೆ ನಿಲ್ಲಿಸಿದರೆ ಮತ್ತೆ ಹಿಡಿಯಲು ಅದು ಸತಾಯಿಸುತ್ತಿತ್ತು. ಕಾರ್ತಿಕದ ಒಂದು ಶುಕ್ರವಾರ ಅಕ್ಕನನ್ನು ಹತ್ತಿಸಿಕೊಂಡ ಮೇಲೆ ಅದು ಕೆಮ್ಮಿತೇ ಹೊರತು ಹೊತ್ತಲಿಲ್ಲ. ನೀರು ಇಳಿಯುತ್ತಲೇ ಇತ್ತು. ಹೆರಿಯಣ್ಣ ಬೆವರಿನಲ್ಲಿ ಮಿಂದು ಮತ್ತೆ ಮತ್ತೆ ಕೀಲಿ ತಿರುಗಿಸಿದ. ಅಂದು ಸರದಿ ತಪ್ಪಿತು. ಮಂಗಳವಾರದವರೆಗೂ ಅಕ್ಕ ಗೋಡೆಗೆ ಒರಗಿ ಕೂತೇ ಉಸಿರಾಡಿದಳು.

ಅಲ್ಲಿಂದ ಮೇಲೆ ಹೆರಿಯಣ್ಣ ಇಂಜಿನ್ ನಿಲ್ಲಿಸುವುದನ್ನು ಬಿಟ್ಟ. ನ್ಯೂಟ್ರಲಿಗೆ ಹಾಕಿ, ಹಿಡಿಕೆಯ ಮೇಲೆ ಕೈ ಇಟ್ಟು, "ಹತ್ತ್ ಅಕ್ಕ" ಎನ್ನುತ್ತಿದ್ದ. ಅವನದು ಉದಾಸೀನ ಎಂದು ನಾನು ಹೇಳಲಾರೆ. ಒಂದು ಭಯ ಇನ್ನೊಂದು ಭಯವನ್ನು ಪಕ್ಕಕ್ಕೆ ತಳ್ಳಿ ಕೂತಿತ್ತು, ಅಷ್ಟೆ. ಆದರೆ ನನಗೆ ಗೊತ್ತಾಗುತ್ತಿತ್ತು. ಗೇರಿನ ತಂತಿ ತಿಂಗಳು ತಿಂಗಳು ಸಡಿಲವಾಗುತ್ತಿತ್ತು. ಹಿಡಿಕೆ ನ್ಯೂಟ್ರಲಿನಲ್ಲಿದ್ದರೂ ಕೆಳಗೆ ಫ್ಯಾನು ನಿದ್ದೆಯಲ್ಲಿ ಹೊರಳಿದ ಹಾಗೆ ಒಂದೊಂದೇ ಸುತ್ತು ಹೊರಳುತ್ತಿತ್ತು. ಮೈಯೆಲ್ಲ ಕಿವಿಯಾಗಿದ್ದ ನನಗೆ ಬಾಯಿ ಮಾತ್ರ ಇರಲಿಲ್ಲ.

ಮಾಘದ ಒಂದು ಮಂಗಳವಾರ. ಬೆಳಕು ಆಗಷ್ಟೇ ಹರಿದಿತ್ತು, ಇಳಿತ ಜೋರಾಗಿತ್ತು. ಜಲಜಕ್ಕ ಅಂದು ಯಾಕೋ ನಿಧಾನ. ಕಟ್ಟಿದ ಸೀರೆಯ ತುದಿ ಬಿಚ್ಚಿ ನೀರಿನ ಮೇಲೆ ತೇಲಿತು. ಅವಳು ಹಲಗೆ ಹಿಡಿದಳು, ಒಂದು ಕಾಲು ಎತ್ತಿದಳು. ತೇಲುವ ಸೆರಗನ್ನು ಫ್ಯಾನು ಮೆಲ್ಲನೆ, ಬಹಳ ಮೆಲ್ಲನೆ, ತನ್ನ ಕಡೆಗೆ ಸುತ್ತಿಕೊಂಡಿತು. ಸೆರಗಿನ ಹಿಂದೆ ಅವಳು, ಅವಳ ಹಿಂದಿನ ಕಾಲು.

ಅವಳು ಕೂಗಲಿಲ್ಲ. "ಹೆರಿಯಾ, ನಿಲ್ಸ್" ಎಂದಳು.

ಅವನು ನಿಲ್ಲಿಸಿದ. ಎರಡು ಸುತ್ತು ತಡವಾಗಿತ್ತು. ಪಕ್ಕದ ಮನೆಯ ಸೀತು ಓಡಿ ಬಂದು ಕತ್ತಿಯಿಂದ ಸೀರೆ ಕೊಯ್ದು ಬಿಡಿಸಿದಳು. ಹಿಮ್ಮಡಿ ಸೀಳಿತ್ತು. ನನ್ನ ಬೆನ್ನಿನ ಹಿಂದಿನ ನೀರು ಕೆಂಪಾಯಿತು, ಇಳಿತ ಅದನ್ನು ಸಮುದ್ರದ ಕಡೆಗೆ ಕೊಂಡೊಯ್ದಿತು. ಇಬ್ಬರೂ ಸೇರಿ ಅವಳನ್ನು ಎತ್ತಿ ಮಲಗಿಸಿದರು. ದಾರಿಯುದ್ದಕ್ಕೂ ಹೆರಿಯಣ್ಣ ಅವಳ ಕಾಲಿನ ಕಡೆಗೇ ತಿರುಗುತ್ತಿದ್ದ. ಅಕ್ಕನೇ ಅವನಿಗೆ ಹೇಳಿದಳು, "ಹೋಗ್ಲಿ ಬಿಡ್. ಸೀರೆ ಹಳೇದ್."

ಸಕ್ಕರೆ ಇರುವ ಮೈಯ ಗಾಯ ಮಾಯದೆ ಕಪ್ಪಾಯಿತು. ಶಿವರಾತ್ರಿ ಕಳೆದ ವಾರ ಮೊಣಕಾಲಿನ ಕೆಳಗೆ ಕಾಲು ತೆಗೆದರು.

ಹೆರಿಯಣ್ಣ ನನ್ನನ್ನು ಟ್ರೈಲರಿಗೆ ಏರಿಸಿ ಪೊರ್ಬುವಿನ ಶೆಡ್ಡಿಗೆ ತಂದು ಬಿಟ್ಟ. ಅಕ್ಕನನ್ನು ಮತ್ತೆ ಸಣ್ಣ ದೋಣಿಯಲ್ಲಿ ಗಳ ಊರಿಯೇ ಕರೆದೊಯ್ಯತೊಡಗಿದ. ಅರ್ಧ ಸರದಿಗಳು ತಪ್ಪಿದವು. ನನ್ನ ಹತ್ತಿರ ಬಂದರೂ ಅವನು ನನ್ನ ಹಿಂಬದಿ ನೋಡುತ್ತಿರಲಿಲ್ಲ.

"ಇದನ್ನ್ ಕಿತ್ತ್ ಬಿಸಾಡಿ ಪೊರ್ಬುಗಳೇ. ಆ ಹೊಟ್ಟೆಯಡಿದೇ ಹಾಕಿ. ನಾನ್ ಅವತ್ತೇ ಅದನ್ನ್ ಹಾಕ್ಸಿದ್ರೆ..."

ಪೊರ್ಬು ತಂತಿಯನ್ನು ಬೆರಳಲ್ಲಿ ಎಳೆದು ನೋಡಿದರು. ಒಂದು ಬೆರಳಗಲ ಸಡಿಲವಿತ್ತು. "ತಿಂಗಳಿಗೊಮ್ಮೆ ಇದನ್ನು ಬಿಗಿ ಮಾಡ್ಬೇಕು ಅಂತ ನಿನಗೆ ಹೇಳಿದ್ದೆನಾ ಹೆರಿಯಣ್ಣ?"

"ನೆನಪಿಲ್ಲೆ."

"ನನಗೂ ನೆನಪಿಲ್ಲ" ಎಂದರು ಪೊರ್ಬು. ಇಂಜಿನ್ ಕೂರಿಸಿದ ದಿನ ಹೇಳಿದ್ದರೋ ಇಲ್ಲವೋ ನನಗೆ ಗೊತ್ತು. ಹೇಳಿರಲಿಲ್ಲ. ಹೇಳಬೇಕೆಂದಿದ್ದಾಗ ಮುಂತಲೆಯ ಮಾತು ಬಂದು ಅದು ಮರೆತುಹೋಗಿತ್ತು. ಈ ಗುಟ್ಟನ್ನು ನಾನು ಯಾರಿಗೂ ಹೇಳಲಾರೆ. ಹೇಳಿ ಆಗಬೇಕಾದ್ದೂ ಇಲ್ಲ.

"ವಿ ಹಾಕ್ತೇನೆ ಅಂತಿಟ್ಕೋ" ಎಂದರು ಪೊರ್ಬು ಕೊನೆಗೆ. "ದಿಣ್ಣೆ?"

ದಿಣ್ಣೆ ಹೆರಿಯಣ್ಣನಿಗಾಗಿ ತಗ್ಗುವುದಿಲ್ಲ. ಅಕ್ಕನನ್ನು ಹಿಂದಿನ ಫ್ಯಾನಿಗೆ ಕೊಡುವುದೋ, ಮುಂದಿನ ಮರಳಿಗೆ ಕೊಡುವುದೋ. ಅವನ ಮುಂದೆ ಇದ್ದುದು ಅಷ್ಟೇ ಎಂದು ಅವನೂ ತಿಳಿದಿದ್ದ, ನಾನೂ ತಿಳಿದಿದ್ದೆ.

ಮೂರನೆಯದನ್ನು ಕಂಡವಳು ಜಲಜಕ್ಕ. ಒಂದು ಬೆಳಿಗ್ಗೆ ಸೀತುವಿನ ಭುಜ ಹಿಡಿದು, ಊರುಗೋಲು ಊರಿ, ಅವಳೇ ಶೆಡ್ಡಿಗೆ ಬಂದಳು. ಸರದಿ ತಪ್ಪಿ ಎರಡು ದಿನವಾಗಿತ್ತು. ಮುಖ ಬಾತಿತ್ತು. ಮೊದಲು ಹಿಂದೆ ಹೋಗಿ ಆ ಫ್ಯಾನನ್ನು ನೋಡಿದಳು. ಆಮೇಲೆ ಮುಂದೆ ಬಂದು ನನ್ನ ಮೆಟ್ಟಿಲನ್ನು, ಅದರ ಮೇಲಿನ ಒಣಗಿದ ಹೂವನ್ನು ನೋಡಿದಳು. ಅಷ್ಟು ಹತ್ತಿರದಿಂದ ಅವಳು ನನ್ನ ಮುಂತಲೆಯನ್ನು ನೋಡಿದ್ದು ಅದೇ ಮೊದಲು.

"ಹೆರಿಯಾ, ಇದೆಂತ, ಮೆಟ್ಲಾ?"

"ಹ್ಞೂಂ."

"ಯಾರಿಗೆ?"

ಹೆರಿಯಣ್ಣ ತಲೆ ತಗ್ಗಿಸಿದ. ಪೊರ್ಬು ಗ್ರೀಸಿನ ಕೈ ಒರೆಸಿಕೊಳ್ಳುತ್ತ ಬೇರೆ ಕಡೆ ನೋಡಿದರು.

"ಇಂಜಿನ್ ಬದಲ್ಸುದು ಬೇಡ" ಎಂದಳು ಅಕ್ಕ. "ತಂತಿ ಬಿಗಿ ಮಾಡ್ಸ್. ನಾಳೆ ಶುಕ್ರವಾರ ದೋಣಿ ತಿರ್ಗ್ಸಿ ತಕಂಬಾ. ಮೂತಿ ನನ್ನ ಕಡಿಗೆ."

ಶುಕ್ರವಾರ ಕುದ್ರುವಿನ ದಡದಲ್ಲಿ ಅರ್ಧ ಊರು ನಿಂತಿತ್ತು. ದಡಕ್ಕೆ ಮುಖ ಮಾಡಿ ಬರುವುದು ನನಗೆ ನಾಚಿಕೆಯೆನಿಸಿತು. ಬೆನ್ನು ಕೊಟ್ಟೇ ಅಭ್ಯಾಸವಾದದ್ದು. ಮೂತಿ ಮರಳಿಗೆ ತಾಗಿತು. ಫ್ಯಾನು ಇಪ್ಪತ್ತೊಂದು ಅಡಿ ಆಚೆ, ಆಳದ ನೀರಿನಲ್ಲಿ, ಯಾರಿಗೂ ಸಿಗದಷ್ಟು ದೂರದಲ್ಲಿತ್ತು.

"ಜಲಜಕ್ಕ, ಅದ್ ಅಮ್ಮ ಕೂಕಂಬ ಜಾಗ" ಎಂದಳು ಸೀತು, ಅಳು ಬರುವ ದನಿಯಲ್ಲಿ.

ಅಕ್ಕ ಬಗ್ಗಿ ಮೆಟ್ಟಿಲನ್ನು ಕಣ್ಣಿಗೊತ್ತಿಕೊಂಡಳು. ಹೂವನ್ನು ಬಿಚ್ಚಿ ತನ್ನ ತುರುಬಿಗೆ ಸಿಕ್ಕಿಸಿದಳು. "ಮಕ್ಳ್ ತಾಯಿ ಮಡಿಲಿಗೆ ಹತ್ತುದ್ ಕಾಲಂಗೇ ಅಲ್ದಾ ಸೀತು?" ಎಂದಳು. ಅವಳು ಸುತ್ತ ನೋಡಿ, ಬಾತ ಮುಖದಲ್ಲೇ ನಕ್ಕಳು. "ಅದೂ ನಂಗಿಪ್ಪುದು ಒಂದೇ ಕಾಲ್. ತಪ್ಪಾದ್ರೂ ಅರ್ಧವೇ."

ಜನರಲ್ಲಿ ಒಬ್ಬರು ನಕ್ಕರು, ಇನ್ನೊಬ್ಬರು ಕಣ್ಣೊರೆಸಿಕೊಂಡರು. ಅವಳ ಒಂದೇ ಪಾದ ನನ್ನ ಮೆಟ್ಟಿಲಿನ ಮೇಲೆ, ಕುಂಕುಮದ ಮೇಲೆ, ಬಿತ್ತು. ಎಷ್ಟೋ ಮಣ ಬಲೆ ಹೊತ್ತಿದ್ದೇನೆ. ಅಷ್ಟು ಭಾರ ಮತ್ತೆ ಯಾವತ್ತೂ ತಿಳಿದಿಲ್ಲ. ಅವಳ ಹಿಂದೆ ಸೀತು ಹತ್ತಿದಳು. ಆಮೇಲೆ ಒಬ್ಬೊಬ್ಬರೇ ಹತ್ತಿದರು.

ಹತ್ತಿಸಲೆಂದು ಇಳಿದಿದ್ದ ಹೆರಿಯಣ್ಣ ಮಾತ್ರ ಆ ಮೆಟ್ಟಿಲು ಹತ್ತಲಿಲ್ಲ. ಅವನು ಸೊಂಟಮಟ್ಟ ನೀರಿನಲ್ಲಿ ಸುತ್ತಿ ಹೋಗಿ, ಹಿಂದಿನಿಂದ, ಆ ಫ್ಯಾನಿನ ಪಕ್ಕದಿಂದಲೇ ಹತ್ತಿದ. ಎಲ್ಲ ಮಂಗಳವಾರ, ಎಲ್ಲ ಶುಕ್ರವಾರ ಹಾಗೇ ಹತ್ತಿದ. ಅಕ್ಕ ಬೈದಳು, ಸೀತು ತಮಾಷೆ ಮಾಡಿದಳು. ಅವನು ಕೇಳಲಿಲ್ಲ. ಅಮ್ಮನ ಭಯವೋ, ತನಗೆ ತಾನೇ ಹಾಕಿಕೊಂಡ ಶಿಕ್ಷೆಯೋ, ನನಗೆ ಇಂದಿಗೂ ಬಗೆಹರಿದಿಲ್ಲ.

ಆಮೇಲೆ ಜಲಜಕ್ಕ ಮೂರು ವರ್ಷ ಬದುಕಿದಳು. ಸರದಿ ತಪ್ಪಿದ್ದು ಎರಡೇ ಸಲ. ಆಷಾಢದಲ್ಲಿ ಒಂದು ಮಧ್ಯಾಹ್ನ, ತನ್ನ ಚಾಪೆಯ ಮೇಲೆ, ಪದ ಹೇಳುತ್ತ ಹೇಳುತ್ತ ಸುಮ್ಮನಾದಳಂತೆ. ನಾನು ಆಗ ಟ್ರೈಲರಿನ ಮೇಲೆ ಟಾರ್ಪಾಲು ಹೊದ್ದು ಕೂತಿದ್ದೆ. ಸುದ್ದಿ ಹೇಳಿದ್ದು ಹೆರಿಯಣ್ಣ. ನನ್ನ ಬದಿಗೆ ಹಣೆ ಒತ್ತಿಕೊಂಡು ನಿಂತಿದ್ದ.

ಮರುವರ್ಷ ಕುದ್ರುವಿಗೆ ಕಾಲುಸೇತುವೆ ಬಂತು. ಹೊಳೆ ದಾಟಿದ ಮೇಲೆ ಅಂಬಿಗ ಯಾಕೆ ಎನ್ನುತ್ತಾರೆ. ಹೊಳೆಯನ್ನೇ ದಾಟಬೇಕಿಲ್ಲದ ಮೇಲೆ ದೋಣಿಯನ್ನು ಕೇಳುವವರು ಯಾರು? ಇಂಜಿನನ್ನು ಬೇರೊಬ್ಬರು ಒಯ್ದರು. ನನ್ನ ಹಿಂಗೋಡೆಯ ತೂತಿಗೆ ಒಂದು ಹಲಗೆ ಹೊಡೆದರು, ಅದೂ ಉದುರಿತು. ಈಗ ನಾನು ಶೆಡ್ಡಿನ ಹಿಂದೆ, ಹೊನ್ನೆ ಮರದ ಕೆಳಗೆ, ಚಕ್ರ ಸೀಳಿದ ಅದೇ ಟ್ರೈಲರಿನ ಮೇಲಿದ್ದೇನೆ. ಹೊಟ್ಟೆಯಲ್ಲಿ ಎಲೆ, ಮಳೆನೀರು, ಎರಡು ಕಪ್ಪೆ.

ಸಂಜೆ ಇಬ್ಬರು ಮುದುಕರು ಬಂದು ನನ್ನ ನೆರಳಿನಲ್ಲಿ ಕೂರುತ್ತಾರೆ. ಹೆರಿಯಣ್ಣ ಈಗಲೂ ಕೇಳುತ್ತಾನೆ, "ವಿ ಹಾಕ್ಸಿದ್ರೆ ಎಂತ ಆತಿತ್ತ್ ಪೊರ್ಬುಗಳೇ?" ಪೊರ್ಬು ಒಂದು ದಿನ "ಕಾಲು ಉಳೀತಿತ್ತು" ಎನ್ನುತ್ತಾರೆ. ಇನ್ನೊಂದು ದಿನ "ಅವಳೇ ಉಳೀತಿರ್ಲಿಲ್ಲ" ಎನ್ನುತ್ತಾರೆ. ಎರಡೂ ನಿಜ. ನಾನೂ ಈ ಲೆಕ್ಕವನ್ನು ಎಷ್ಟೋ ಸಲ ಮಾಡಿದ್ದೇನೆ. ಯಾವ ದಾರಿಯಲ್ಲಿ ಹೋದರೂ ಅದು ಆ ಮೆಟ್ಟಿಲಿಗೇ ಬಂದು ನಿಲ್ಲುತ್ತದೆ. ನಾನು ಹುಟ್ಟಿದ ದಿನದಿಂದ ಅದು ನನ್ನ ಮೈಯಲ್ಲಿಯೇ ಇತ್ತು.

ನಿನ್ನೆ ಹೆರಿಯಣ್ಣ ಒಬ್ಬನೇ ಬಂದ. ಕೈಯಲ್ಲಿ ತೆಂಗಿನ ಗೆರಟೆ. ನನ್ನೊಳಗಿನ ನೀರು ಚೆಲ್ಲಬೇಕೆಂದುಕೊಂಡು ಅಭ್ಯಾಸದಂತೆ ಹಿಂದಕ್ಕೆ ಹೋದ. ಅಲ್ಲಿ ಹಿಡಿಯಲು ಹಲಗೆಯಿಲ್ಲ, ಬರೀ ತೂತು. ಅದರ ಮುಂದೆ ನಿಂತ. ಆಮೇಲೆ ನನ್ನ ಬದಿಯನ್ನು ಕೈಯಿಂದ ಸವರುತ್ತ, ನಿಧಾನ ನಡೆದು, ಮುಂದಕ್ಕೆ ಬಂದ. ಮೆಟ್ಟಿಲಿನ ನಡುವೆ ಬಣ್ಣ ಹೋಗಿ, ಒಂದೇ ಪಾದದಗಲ ಸವೆದ ಜಾಗವಿದೆ. ಕುಂಕುಮ ಅಳಿಸಿ ವರ್ಷಗಳಾದವು.

ಅವನು ಚಪ್ಪಲಿ ಬಿಟ್ಟ. ಬಗ್ಗಿ ಆ ಸವೆದ ಜಾಗವನ್ನು ಕಣ್ಣಿಗೊತ್ತಿಕೊಂಡ. "ನಾನೂ ಹತ್ತತೆ ಅಕ್ಕ" ಎಂದ. ಆಮೇಲೆ ನನ್ನ ಅಂಚು ಹಿಡಿದು, ಅದೇ ಜಾಗದಲ್ಲಿ, ಕಾಲಿಟ್ಟ.